ತಿಪ್ಪೆ ಗೊಬ್ಬರದ ತುಂಬಾ ಪ್ಲಾಸ್ಟಿಕ್ಕು, ಮನೆ ಕಸ ಕಮ್ಮಿ ಮಾಡಿರೋರು ದಾರಿ ಹೇಳಿ

ಗುಬ್ಬಿ ತೋಟದ ಮನೆ:

ಎಲ್ರಿಗೂ ನಮಸ್ಕಾರ. ನಮ್ದು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕು. ಒಟ್ಟು ಎರಡೂವರೆ ಎಕರೆ, ಅದ್ರಲ್ಲಿ ಒಂದು ಎಕರೆ ತೆಂಗು, ಮಿಕ್ಕಿದ್ದು ರಾಗಿ, ಅಕ್ಕಡಿ ಸಾಲಲ್ಲಿ ಅವರೆ. ಎರಡು ಸೀಮೆ ಹಸು, ಒಂದು ಕರು, ಏಳೆಂಟು ನಾಟಿ ಕೋಳಿ ಅವೆ. ನಾನು ಹನ್ನೊಂದು ವರ್ಷ ಬೆಂಗಳೂರಲ್ಲಿದ್ದು ಹೋದ್ ವರ್ಷ ವಾಪಸ್ ಬಂದಿದೀನಿ, ಮನೇಲಿ ಅಮ್ಮ, ನನ್ ಹೆಂಡ್ತಿ, ಒಂದೂವರೆ ವರ್ಷದ ಮಗಳು.

ವಿಷಯ ಏನಂದ್ರೆ ಯುಗಾದಿ ಕಳೆದ ಮೇಲೆ ತಿಪ್ಪೆ ತೆಗ್ಸಿ ಹೊಲಕ್ಕೆ ಗೊಬ್ಬರ ಹೊಡ್ಸಿದ್ವಿ, ಐದು ಟ್ರ್ಯಾಕ್ಟರ್ ಲೋಡ್ ಆಯ್ತು. ಕುಪ್ಪೆ ಹಾಕಿದ್ದನ್ನ ನಾನು ಸಲಿಕೇಲಿ ಮಂಕ್ರಿಗೆ ತುಂಬ್ಕೊಡ್ತಿದ್ದೆ, ಅಮ್ಮ ಎರಚ್ತಿದ್ರು. ಒಂದೊಂದು ಕುಪ್ಪೇಲೂ ಶಾಂಪೂ ಪ್ಯಾಕೆಟ್ಟು, ಎಣ್ಣೆ ಕವರ್ರು, ಮಾತ್ರೆ ಸ್ಟ್ರಿಪ್ಪು, ಹರಿದಿರೋ ಫೀಡ್ ಚೀಲದ ಎಳೆ, ಮಗು ಡೈಪರ್ ಒಂದು ಹಂಗಂಗೇ ಉಬ್ಬಿಕೊಂಡು ಕೂತಿತ್ತು, ಒಂದು ಚೂರೂ ಕರಗಿರ್ಲಿಲ್ಲ. ಆವತ್ತು ಸಾಯಂಕಾಲ ಹೊತ್ಗೆ ಅಮ್ಮನ ಅಂಗಾಲಿಗೆ ಹಳೇ ಶೇವಿಂಗ್ ಬ್ಲೇಡ್ ಹೊಕ್ಕೊಂಡ್ಬಿಡ್ತು, ನಾನೇ ಬಚ್ಚಲಲ್ಲಿ ಬಿಸಾಕಿದ್ದ ಬ್ಲೇಡ್ ಇರ್ಬೇಕು ಅದು, ನಮ್ಮನೇಲಿ ಬೇರೆ ಯಾರೂ ಶೇವ್ ಮಾಡೋರಿಲ್ಲ. ಟಿಟಿ ಹಾಕ್ಸಿ ಮೂರು ಹೊಲಿಗೆ ಹಾಕ್ಸಿಕೊಂಡ್ ಬಂದ್ವಿ. ಆಮೇಲೆ ಒಂದು ಮಳೆ ಬಿದ್ದು ಗೊಬ್ಬರ ತೊಳೆದು ಹೋದ ಮೇಲೆ ಬೆಳಿಗ್ಗೆ ಹೊತ್ತು ಹೊಲದ ಬದೀಲಿ ನಿಂತು ನೋಡಿದ್ರೆ ಹೊಲ ಪೂರ್ತಿ ಬಿಸ್ಲಿಗೆ ಮಿಣ ಮಿಣ ಅಂತಿತ್ತು. ರಾಗಿ ಬಿತ್ತೋ ಹೊಲ ಅದು. ಹೊಟ್ಟೆ ಉರಿದೋಯ್ತು ನಂಗೆ.

ಅಮ್ಮ ಹೇಳ್ತಾರೆ, ನಾವು ಮದ್ವೆ ಆಗಿ ಬಂದಾಗ ಇದು ತಿಪ್ಪೆಗೆ ಇದು ಬೇಡ ಅಂತ ಬೇರೆ ಮಾಡೋ ಮಾತೇ ಇರ್ಲಿಲ್ಲ, ಕಸ ಗುಡಿಸಿ ಮೊರದಲ್ಲಿ ತುಂಬಿ ತಿಪ್ಪೆಗೆ ಸುರಿದ್ರೆ ಮುಗೀತು ಅಂತ. ಅವ್ರು ಈಗ್ಲೂ ಅದನ್ನೇ ಮಾಡ್ತಿದಾರೆ, ಮೊರದಲ್ಲಿರೋ ಕಸ ಮಾತ್ರ ಬದಲಾಗಿದೆ.

ಕೇಳ್ಬೇಕಾಗಿರೋದು: ಈಗ ಹೊಸದಾಗಿ ತುಂಬ್ತಿರೋ ತಿಪ್ಪೇಲೂ ಅರ್ಧ ಇದೇ ಇದೆ, ಅದನ್ನ ಹೆಂಗೆ ಬೇರೆ ಮಾಡೋದು? ಕೊಟ್ಗೆ ಪಕ್ಕ ಕಾಯಿ ಮಟ್ಟೆ (ತೆಂಗಿನಕಾಯಿ ಸುಲಿದ ಸಿಪ್ಪೆ) ಎರಡು ವರ್ಷದ್ದು ರಾಶಿ ಬಿದ್ದಿದೆ, ಮಾರಿದ್ರೆ ಏನೂ ಗಿಟ್ಟಲ್ಲ. ಫೀಡ್ ಚೀಲ ತಿಂಗ್ಳಿಗೆ ನಾಲ್ಕೈದು ಖಾಲಿ ಆಗ್ತವೆ. ಡೈಪರ್ ಗೆ ಏನ್ ದಾರಿ? ಇನ್ನೊಂದು, ಈ ಸಲ ಅರ್ಧ ಎಕರೆ ಟೊಮೇಟೊ ಹಾಕೋಣ ಅಂತಿದೀನಿ, ಮಲ್ಚಿಂಗ್ ಪೇಪರ್ (ಕಳೆ ಬರ್ದಂಗೆ ಸಾಲಿಗೆ ಹಾಸೋ ಪ್ಲಾಸ್ಟಿಕ್ ಹಾಳೆ) ಹಾಕಿ ಅಂತ ಎಲ್ರೂ ಹೇಳ್ತಾರೆ, ಹಾಕೋದಾ ಬೇಡ್ವಾ? ಮಾಡಿ ನೋಡಿರೋರು ಹೇಳಿ.

ಮಧುಗಿರಿ ಹೈದ:

ಇಷ್ಟೊಂದು ತಲೆ ಕೆಡಿಸ್ಕೋಬೇಡಿ ಬ್ರದರ್. ನಾವು ಎಲ್ಲಾ ಹಂಡೆ ಒಲೆಗೆ ಹಾಕ್ತೀವಿ, ಕವರ್ ಹಾಕಿದ್ರೆ ಹಸಿ ಸೌದೆನೂ ಬೇಗ ಹತ್ಕೊಳ್ತದೆ, ನೀರೂ ಕಾಯ್ತದೆ ಕಸಾನೂ ಖಾಲಿ.

ಶಿಡ್ಲಘಟ್ಟ ರೇಷ್ಮೆ ಮನೆ:

ಮಧುಗಿರಿಯವ್ರೆ ದಯವಿಟ್ಟು ಇದನ್ನ ನಿಲ್ಸಿ. ಹಂಡೆ ಒಲೆ ಮುಂದೆ ಕೂತು ಊದೋರು ಯಾರು ಅಂತ ಒಂದ್ಸಲ ನೋಡಿ, ನಿಮ್ಮನೇಲೂ ಅಮ್ಮನೋ ಹೆಂಡ್ತಿನೋ ಇರ್ತಾರೆ. ನಾನೂ ಮದ್ವೆಯಾದ ಹೊಸದ್ರಲ್ಲಿ ದಿನಾ ಬೆಳಿಗ್ಗೆ ಒಂದು ಕವರ್ ಹಚ್ಚಿನೇ ಒಲೆ ಹಚ್ತಿದ್ದೆ, ಗಂಟಲಲ್ಲಿ ಕಹಿ ಕಹಿ, ಕಣ್ಣುರಿ, ಕೆಮ್ಮು, ಒಲೆ ಅಂದ್ಮೇಲೆ ಇದೆಲ್ಲಾ ಇದ್ದಿದ್ದೇ ಅನ್ಕೊಂಡಿದ್ದೆ. ಕವರ್ ನಿಲ್ಸಿ ಹಿಪ್ಪುನೇರಳೆ ಕಡ್ಡೀಲಿ ಹಚ್ಚೋಕೆ ಶುರು ಮಾಡಿದ್ಮೇಲೆ ಗೊತ್ತಾಯ್ತು ಅದು ಸೌದೆ ಹೊಗೆ ಅಲ್ಲ ಅಂತ. ಪಿವಿಸಿ ಪೈಪ್ ಚೂರು, ವೈರ್ ಸಿಪ್ಪೆ ಇವಂತೂ ಸುಡ್ಲೇಬಾರ್ದು, ಡಯಾಕ್ಸಿನ್ ಅನ್ನೋ ವಿಷ ಬರತ್ತೆ. ಮತ್ತೆ ಆ ಒಲೆ ಬೂದಿನೇ ತಾನೇ ನಾವು ಸೊಪ್ಪಿನ ಮಡಿಗೆ ಎರಚೋದು, ಪಾತ್ರೆ ತಿಕ್ಕೋದು.

ಗುಬ್ಬಿ ಅಣ್ಣ, ನಿಮ್ ಡೈಪರ್ ಪ್ರಶ್ನೆಗೆ ರಾತ್ರಿ ಕೂತು ಬರೀತೀನಿ, ಈಗ ರೇಷ್ಮೆ ಹುಳ ನಾಲ್ಕನೇ ಜ್ವರಕ್ಕೆ (ಪೊರೆ ಬಿಡೋಕೆ) ಕೂತಿವೆ, ಸುಣ್ಣ ಹೊಡೀಬೇಕು.

ತಿಪಟೂರು ಕಲ್ಪತರು:

ಮಗ, ತಿಪ್ಪೆ ವಿಷ್ಯ ನಾನು ಹೇಳ್ತೀನಿ, ಎಪ್ಪತ್ತೊಂದು ವರ್ಷ ಆಯ್ತು ನಂಗೆ, ತಿಪ್ಪೆ ಪಕ್ಕದಲ್ಲೇ ಬೆಳೆದಿದೀನಿ.

ಈಗ ಇರೋ ತಿಪ್ಪೆನ ಹಸೀಲಿ ಕೆದಕ್ಬೇಡ, ಏನೂ ಬೇರೆ ಆಗಲ್ಲ, ಎಲ್ಲಾ ಮೆತ್ಕೊಂಡಿರ್ತದೆ. ಮೇಲೆ ಮೇಲೆ ಕಾಣೋದನ್ನ ಆರಿಸಿಬಿಟ್ಟು ಅದ್ರ ಪಾಡಿಗೆ ಕಳೀಲಿ ಬಿಡು. ಪಕ್ಕದಲ್ಲೇ ಹೊಸ ಗುಂಡಿ ಒಂದು ಶುರು ಮಾಡು, ಅದಕ್ಕೆ ಸಗಣಿ, ಗಂಜಲದ ಕಸ, ಹಸು ತಿಂದು ಬಿಟ್ಟ ಕಡ್ಡಿ, ಅಡುಗೆ ಮನೆ ಸಿಪ್ಪೆ ಇಷ್ಟು ಬಿಟ್ರೆ ಬೇರೇನೂ ಬೀಳ್ಕೂಡ್ದು. ಹಳೇದು ಬೇಸಿಗೇಲಿ ಚೆನ್ನಾಗಿ ಒಣಗಿ ಪುಡಿ ಪುಡಿ ಆದ್ಮೇಲೆ ಮನೆ ಕಟ್ಟೋರು ಮರಳು ಜರಡಿ ಹಿಡೀತಾರಲ್ಲ ಆ ಜಾಲರಿ ಓರೆಯಾಗಿ ನಿಲ್ಸಿ ಸಲಿಕೇಲಿ ಎಸೀತಾ ಹೋಗು. ಗೊಬ್ಬರ ಆಕಡೆ ಬೀಳ್ತದೆ, ಪ್ಲಾಸ್ಟಿಕ್ಕು, ಗಾಜು, ಬ್ಲೇಡು ಹೆಚ್ಚಿನದೆಲ್ಲಾ ಈಕಡೆ ಜಾರ್ತದೆ. ಜಾಲರಿ ಕಣ್ಣು ಮುಕ್ಕಾಲು ಇಂಚು ಇರ್ಲಿ, ಅದಕ್ಕಿಂತ ಸಣ್ಣದಾದ್ರೆ ಗೊಬ್ಬರದ ಹೆಂಟೆನೂ ಈಕಡೆನೇ ಉಳೀತದೆ. ಕಾಲಿಗೆ ಗಟ್ಟಿ ಚಪ್ಪಲಿ ಹಾಕ್ಕೊಂಡು ಮಾಡು, ಅಮ್ಮನ್ನ ಇಳಿಸ್ಬೇಡ.

ಜರಡಿ ಹಿಡಿಯುವಾಗ ಬಿಳೀ ದಪ್ಪ ಹುಳ ಸಿಗ್ತವೆ, ಹೆಬ್ಬೆಟ್ಟು ಗಾತ್ರ, ಸುರುಳಿ ಸುತ್ಕೊಂಡಿರ್ತವೆ. ಗೊಬ್ಬರದ ಹುಳ ಅಂತ ಸುಮ್ನೆ ಬಿಡ್ಬೇಡ. ತೆಂಗಿನ ಸುಳಿ ಕೊರೀತದಲ್ಲ ಕರೀ ಕೊಂಬಿನ ದುಂಬಿ, ಅದ್ರ ಮರಿ ಇದು. ತಿಪ್ಪೇಲಿ ಹುಟ್ಟಿ ನಿನ್ ಮರದ ಮೇಲೆ ಹೋಗಿ ಕೂತ್ಕೊಳ್ತದೆ. ಗರಿ ಬಿಚ್ಕೊಂಡಾಗ ಕತ್ರಿಲಿ ಕತ್ತರಿಸಿದಂಗೆ ಕಾಣ್ತಿದ್ರೆ ಅದು ಇದ್ರದ್ದೇ ಕೆಲ್ಸ. ಕೋಳಿ ಬಿಟ್ಕೋ ಪಕ್ಕಕ್ಕೆ, ಒಂದೂ ಉಳ್ಸಲ್ಲ.

ಇನ್ನು ಮಟ್ಟೆ. ಅದನ್ನ ಕಸ ಅಂತ ಯಾಕಂತೀಯ ಮಗ, ಅದು ನೀರಿನ ಡಬ್ಬಿ ಕಣೋ. ಒಂದು ಮಟ್ಟೆ ತನ್ನ ತೂಕದ ಮೂರ್ನಾಲ್ಕು ಪಟ್ಟು ನೀರು ಹಿಡೀತದೆ. ಮರದ ಬುಡದಿಂದ ಆರಡಿ ದೂರ ಬಿಟ್ಟು ಸುತ್ತಾ ಒಂದೂವರೆ ಅಡಿ ಆಳ ಕಾಲುವೆ ತೋಡಿ ಮಟ್ಟೆ ಒಳಭಾಗ ಮೇಲೆ ಬರೋಂಗೆ, ಬಟ್ಲು ಇಟ್ಟಂಗೆ, ಒತ್ತೊತ್ತಾಗಿ ಜೋಡ್ಸು. ಒಂದು ಪದರ ಮಟ್ಟೆ, ಮೇಲೆ ಮಣ್ಣು, ಮತ್ತೆ ಒಂದು ಪದರ. ಬೋರಲು ಹಾಕಿದ್ರೆ ನೀರು ನಿಲ್ಲಲ್ಲ, ಅಷ್ಟೇ ನೋಡ್ಕೋ. ಮುಂಗಾರು ಶುರುವಾಗೋ ಹೊತ್ಗೆ ಹಾಕಿದ್ರೆ ಮಳೆ ನೀರೆಲ್ಲಾ ಕುಡ್ಕೊಂಡು ಬೇಸಿಗೇಲಿ ನಿಧಾನಕ್ಕೆ ಬಿಡ್ತದೆ, ಐದಾರು ವರ್ಷ ಕೆಲ್ಸ ಮಾಡ್ತದೆ, ಆಮೇಲೆ ಕೊಳೆತು ಪೊಟ್ಯಾಷ್ ಗೊಬ್ಬರ ಆಗ್ತದೆ. ನಾನು ಹದಿನೆಂಟು ಮರಕ್ಕೆ ಹಾಕಿದೀನಿ, ಬರಗಾಲದಲ್ಲಿ ಆ ಮರಗಳ ಕಾಯಿ ಉದುರಿದ್ದು ಕಮ್ಮಿ.

ಇನ್ನೊಂದು ಮಾತು, ಬೇಜಾರ್ ಮಾಡ್ಕೋಬೇಡ. ತಿಪ್ಪೇಲಿ ಎಣ್ಣೆ ಕವರ್ ಸಿಕ್ತು ಅಂದೆ. ಒಂದು ಎಕರೆ ತೆಂಗು ಇಟ್ಕೊಂಡು ಅಂಗಡಿ ಪಾಮಾಯಿಲ್ ಪ್ಯಾಕೆಟ್ ಯಾಕೆ ತರ್ತೀರ? ಕೊಬ್ರಿ ಒಣಗ್ಸಿ ಸ್ಟೀಲ್ ಕ್ಯಾನ್ ಹಿಡ್ಕೊಂಡು ಗಾಣಕ್ಕೆ ಹೋಗು, ಎಣ್ಣೆನೂ ಆಯ್ತು, ಹಿಂಡಿ ಹಸುಗಾಯ್ತು, ಕವರ್ರೂ ಇಲ್ಲ.

ಕೋಲಾರ ಟೊಮೇಟೊ:

ನಮಸ್ತೆ ಅಣ್ಣ. ನಾನು ಶ್ರೀನಿವಾಸಪುರ ಕಡೆಯವನು, ಹನ್ನೆರಡು ವರ್ಷದಿಂದ ಟೊಮೇಟೊ ಬೆಳೀತಿದೀನಿ, ಮಲ್ಚಿಂಗ್ ಪೇಪರ್ ಬಗ್ಗೆ ಇರೋದು ಇರೋ ಹಂಗೆ ಹೇಳ್ತೀನಿ.

ಮೊದ್ಲು ಲೆಕ್ಕ ಹಾಕ್ಕೊಳಿ. ನಾಲ್ಕಡಿ ಅಗಲ 400 ಮೀಟರ್ ಉದ್ದದ 25 ಮೈಕ್ರಾನ್ ದಪ್ಪದ ರೋಲ್ ಹತ್ತತ್ರ 11 ಕೆಜಿ ತೂಗ್ತದೆ. ಸಾಲಿಂದ ಸಾಲಿಗೆ ಐದಡಿ ಬಿಟ್ರೆ ಅರ್ಧ ಎಕರೆಗೆ ಮೂರೂವರೆ ರೋಲ್ ಬೇಕು, ಅಂದ್ರೆ ಒಂದು ಬೆಳೆಗೆ 35ರಿಂದ 40 ಕೆಜಿ ಪ್ಲಾಸ್ಟಿಕ್ಕು ನಿಮ್ ಹೊಲಕ್ಕೆ ಬಂತು. ನೀವು ಬೇಜಾರ್ ಮಾಡ್ಕೊಂಡಿರೋ ಶಾಂಪೂ ಪ್ಯಾಕೆಟ್ ದಿನಕ್ಕೊಂದರಂಗೆ ಹತ್ತು ವರ್ಷ ಬಿಸಾಕಿದ್ರೂ ಅಷ್ಟು ತೂಕ ಆಗಲ್ಲ. ಹಂಗಂತ ಹಾಕಲೇಬೇಡಿ ಅನ್ನೋಕೂ ಆಗಲ್ಲ ಅಣ್ಣ, ನಮ್ ಕಡೆ ಬೋರ್ ಸಾವಿರದ ಇನ್ನೂರು ಅಡಿ ಹೋದ್ರೂ ಒಂದೂವರೆ ಇಂಚು ನೀರು, ಕಳೆ ಕೀಳೋಕೆ ಆಳು ಸಿಗಲ್ಲ, ಪೇಪರ್ ಹಾಕಿದ್ರೆ ಎರಡೂ ಉಳೀತದೆ, ಅದಕ್ಕೇ ಎಲ್ರೂ ಹಾಕ್ತಾರೆ.

ತೊಂದ್ರೆ ಇರೋದು ಬೆಳೆ ಮುಗಿದ್ಮೇಲೆ. ರೇಟ್ ಬಿದ್ದೋಗಿರ್ತದೆ, ಬೇಜಾರಲ್ಲಿ ಟ್ರ್ಯಾಕ್ಟರ್ ತಂದು ರೋಟವೇಟರ್ ಹೊಡ್ಸಿಬಿಡ್ತಾರೆ, ಪೇಪರ್ ಚಿಂದಿ ಚಿಂದಿ ಆಗಿ ಮಣ್ಣಲ್ಲಿ ಸೇರ್ಕೊಂಡ್ರೆ ಜನ್ಮದಲ್ಲಿ ಆರ್ಸೋಕಾಗಲ್ಲ. ಇಲ್ಲಾಂದ್ರೆ ಕಿತ್ತು ಕೆರೆ ಅಂಗಳಕ್ಕೆ ಹಾಕ್ತಾರೆ. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಬಿಡೋದು) 2018ರಲ್ಲಿ ಬಂದ್ಮೇಲೆ ನಮ್ ಕೋಲಾರದ ಕೆರೆಗಳು ಎಷ್ಟೋ ವರ್ಷದ ಮೇಲೆ ತುಂಬಿದ್ವು, ನಮ್ ಹತ್ರದ ಕೆರೆ ಕೋಡಿ ಹರಿಯೋದು ನೋಡೋಕೆ ಮಕ್ಳನ್ನ ಕರ್ಕೊಂಡು ಹೋಗಿದ್ದೆ, ಕೋಡಿ ಕಲ್ಲಿಗೆ ಕಪ್ಪು ಬಿಳಿ ಪೇಪರ್ ಸೀರೆ ಸುತ್ತಿದಂಗೆ ಸಿಕ್ಕಾಕ್ಕೊಂಡಿತ್ತು. ಅದ್ರಲ್ಲಿ ನಂದೂ ಇರ್ಬೋದು ಅನ್ನಿಸ್ತು, ಆವತ್ತಿಂದ ಹೊರಗೆ ಹಾಕಿಲ್ಲ.

ಈಗ ನಾನು ಮಾಡೋದು ಏನಂದ್ರೆ ಒಂದೇ ಪೇಪರಲ್ಲಿ ಎರಡು ಬೆಳೆ. ಟೊಮೇಟೊ ಮುಗಿದ್ಮೇಲೆ ಗಿಡನ ಬುಡಕ್ಕೆ ಕೊಯ್ದುಬಿಟ್ಟು, ಬೇರು ಕೀಳೋಕೆ ಹೋಗ್ಬೇಡಿ ಪೇಪರ್ ಹರೀತದೆ, ಪಕ್ಕದಲ್ಲೇ ಬೀನ್ಸ್ ಇಲ್ಲಾ ಹೀರೆಕಾಯಿ ಊರ್ತೀನಿ, ನೀಲಗಿರಿ ಕಡ್ಡಿ, ದಾರ, ಡ್ರಿಪ್ಪು ಎಲ್ಲಾ ಅದೇ. ಬದ್ನೆ, ಕ್ಯಾಪ್ಸಿಕಂ ಮಾತ್ರ ಹಾಕ್ಬೇಡಿ, ಒಂದೇ ಜಾತಿ, ಸೊರಗು ರೋಗ ಹಂಗೇ ಮುಂದುವರೀತದೆ. ಎರಡನೇದೂ ಆದ್ಮೇಲೆ ಮೊದ್ಲು ಡ್ರಿಪ್ ಎಳ್ಕೊಂಡು ಒಂದರ್ಧ ಗಂಟೆ ನೀರು ಬಿಟ್ಟು ಮಣ್ಣು ಮೆತ್ತಗಾದ್ಮೇಲೆ ಅಂಚಿನ ಮಣ್ಣು ಗುದ್ಲೀಲಿ ಸರಿಸಿ ಇಬ್ರು ಸೇರಿ ಸುತ್ತುತ್ತಾ ಬಂದ್ರೆ ಹರೀದೆ ಬರ್ತದೆ. ಆಮೇಲೆ ಒಣಗ್ಸಿ ಕೋಲಲ್ಲಿ ಬಡೀಬೇಕು, ಮಣ್ಣು ಮೆತ್ಕೊಂಡಿದ್ರೆ ಗುಜರಿಯವ್ರು ಮುಟ್ಟಲ್ಲ.

ನಿಮ್ಗೆ ನಾನು ಹೇಳೋದಾದ್ರೆ, ಅರ್ಧ ಎಕರೆಗೆ ಪೇಪರ್ ಬೇಡ ಅಣ್ಣ. ನಮ್ಗೆ ಬೇರೆ ದಾರಿ ಇಲ್ಲ, ರಾಗಿ ಹುಲ್ಲು ಹಸುಗೇ ಸಾಲಲ್ಲ, ಹೊಲಕ್ಕೆ ಎಲ್ಲಿ ಹಾಸೋದು. ನಿಮ್ಗೆ ತೆಂಗಿನ ಗರಿ ಇದೆ. ಗರಿ ಮೂರು ತುಂಡು ಮಾಡಿ ಸಾಲಿಗೆ ಹಾಸಿ, ಕಳೆ ಅರ್ಧಕ್ಕರ್ಧ ಕಮ್ಮಿ ಆಗ್ತದೆ.

ಫೀಡ್ ಚೀಲ: ಯೂಟ್ಯೂಬ್ ನೋಡಿ ಮಣ್ಣು ತುಂಬಿ ಗಿಡ ಇಡ್ಬೇಡಿ. ನಾನು ನಲವತ್ತು ಚೀಲದಲ್ಲಿ ಶುಂಠಿ ಹಾಕಿದ್ದೆ, ಒಂದು ಬೇಸಿಗೆ ಕಳೆದು ಎತ್ತೋಕೆ ಹೋದ್ರೆ ಚೀಲ ಕೈಯಲ್ಲಿ ಕೂದಲಂಗೆ ಎಳೆ ಎಳೆ ಬಂತು, ಮಣ್ಣು ತುಂಬಾ ಅದೇ. ಬಿಸ್ಲಿಗೆ ಇಡದೆ ನೆರಳಲ್ಲಿ ಬಳ್ಸಿದ್ರೆ ನಾಲ್ಕೈದು ವರ್ಷ ಬರ್ತದೆ, ಬೆರಣಿ ತುಂಬೋಕೆ, ಮಂಡಿಗೆ ತರಕಾರಿ ಹಾಕೋಕೆ. ಮಿಕ್ಕಿದ್ದು ಹರಿಯೋ ಮುಂಚೆನೇ ಕೊಟ್ಬಿಡಿ, ಖಾಲಿ ಚೀಲ ತಗೊಳೋರು ಬರ್ತಾರೆ, ಹರಿದಿದ್ದು ಯಾರೂ ಕೇಳಲ್ಲ. ಹಳೇ ಡ್ರಿಪ್ ಪೈಪ್ ಗೇಣುದ್ದ ತುಂಡು ಮಾಡಿ ಉದ್ದುದ್ದ ಸೀಳಿ ಇಟ್ಕೊಳಿ, ಸಸಿಗೆ ಕೋಲು ಕಟ್ಟುವಾಗ ತಂತಿಗೆ ತೊಡಿಸಿದ್ರೆ ತೊಗಟೆ ಕೊಯ್ಯಲ್ಲ.

ಔಷಧಿ ಡಬ್ಬ ಮಾತ್ರ ಯಾವ್ದಕ್ಕೂ ಮರುಬಳಕೆ ಮಾಡ್ಬೇಡಿ. ಮೂರು ಸಲ ತೊಳೆದು ಆ ನೀರು ಸ್ಪ್ರೇ ಟ್ಯಾಂಕಿಗೇ ಹಾಕಿ, ಡಬ್ಬಕ್ಕೆ ತೂತು ಹೊಡೆದು ಬೇರೆ ಇಡಿ. ಮಗು ಇರೋ ಮನೆ ನಿಮ್ದು.

ಶಿಡ್ಲಘಟ್ಟ ರೇಷ್ಮೆ ಮನೆ:

ಈಗ ಕೈ ಬಿಡುವಾಯ್ತು. ಅಣ್ಣ ಈ ವಿಷಯ ನೀವು ಕೇಳಿದ್ದೇ ದೊಡ್ಡದು, ನಮ್ ಕಡೆ ಗಂಡಸ್ರು ಡೈಪರ್ ವಿಷ್ಯ ಬಾಯಿ ಬಿಡಲ್ಲ.

ಉಬ್ಬಿಕೊಂಡಿತ್ತು ಅಂದ್ರಲ್ಲ, ಒಳಗಡೆ ನೀರು ಕುಡಿಯೋ ಹರಳು ಇರತ್ತೆ, ಅದು ಜೆಲ್ ಆಗಿ ನಿಲ್ಲತ್ತೆ, ಹೊರಗಡೆದು ಪ್ಲಾಸ್ಟಿಕ್ಕು, ಹಾಗಾಗಿ ತಿಪ್ಪೇಲಿ ಎಷ್ಟು ವರ್ಷ ಇದ್ರೂ ಅಷ್ಟೇ. ನಾನು ನನ್ನ ಎರಡನೇ ಮಗನಿಗೆ ಮಾಡಿದ್ದು, ಹಗಲು ಹೊತ್ತು ಪೂರ್ತಿ ಬಟ್ಟೆ ಲಂಗೋಟಿ, ರಾತ್ರಿ ಮತ್ತೆ ಊರಿಗೆ ಹೋಗುವಾಗ ಮಾತ್ರ ಡೈಪರ್. ಹಳೇ ಕಾಟನ್ ಸೀರೆ ತಗೊಳಿ, ಹೊಸ ಬಟ್ಟೆ ಬೇಡ, ಹತ್ತಾರು ಸಲ ಒಗೆದು ಮೆತ್ತಗಾಗಿರೋ ಸೀರೆನೇ ಚೆನ್ನಾಗಿ ನೀರು ಹೀರತ್ತೆ. ಒಂದು ಸೀರೇಲಿ ಇಪ್ಪತ್ತು ಆಗತ್ತೆ. ನಿಮ್ ಪಾಪುಗೆ ಒಂದೂವರೆ ವರ್ಷ ಅಂದ್ರೆ ಇನ್ನೂ ಸುಲಭ, ಎದ್ದ ತಕ್ಷಣ ಒಂದ್ಸಲ, ಊಟ ಆದ್ಮೇಲೆ ಒಂದ್ಸಲ ಕೂರಿಸೋ ಅಭ್ಯಾಸ ಮಾಡಿ, ನಿಧಾನಕ್ಕೆ ಹಗಲಿಂದು ನಿಲ್ಲತ್ತೆ. ಒಗೆಯೋ ಕೆಲಸ ಹೆಂಡ್ತಿ ಒಬ್ರ ಮೇಲೇ ಹಾಕ್ಬೇಡಿ, ಅಲ್ಲಿಗೇ ಎಲ್ಲಾ ಮನೇಲೂ ಇದು ನಿಂತೋಗೋದು. ನನ್ ಯಜಮಾನ್ರು ಬೆಳಿಗ್ಗೆ ಒಂದು ಬಕೆಟ್ ಒಗೆದು ಹಾಕಿನೇ ಸೊಪ್ಪು ತರೋಕೆ ಹೋಗ್ತಿದ್ರು.

ದೊಡ್ಡವರ ಪ್ಯಾಡ್ ಕೂಡ ಹಾಗೇ, ನಾನು ಬಟ್ಟೆದು ಹೊಲ್ಕೊಂಡಿದೀನಿ, ಬಿಸಿಲಲ್ಲಿ ಒಣಗಿಸ್ಬೇಕು, ಕತ್ತಲಲ್ಲಿ ಬಾಗಿಲ ಹಿಂದೆ ಮುಚ್ಚಿಟ್ಟು ಒಣಗಿಸಿದ್ರೆ ಇನ್ಫೆಕ್ಷನ್ ಆಗತ್ತೆ.

ಬೂದಿ ತಿಪ್ಪೆಗೆ ಹಾಕ್ತಿದ್ರೆ ಅದನ್ನೂ ಬೇರೆ ಮಾಡಿ. ಹಸಿ ಸಗಣಿ ಗಂಜಲದ ಮೇಲೆ ಬೂದಿ ಬಿದ್ರೆ ಮೂಗಿಗೆ ಹೊಡಿಯೋ ಘಾಟು ಏಳತ್ತಲ್ಲ, ಅದು ಸಾರಜನಕ ಹಾರಿ ಹೋಗ್ತಿರೋದು. ಬೂದಿ ಡಬ್ಬದಲ್ಲಿ ಕೂಡಿಟ್ಟು ನೇರವಾಗಿ ತೆಂಗಿನ ಪಾತಿಗೆ ಹಾಕಿ. ನಾವು ಹುಳದ ಹಿಕ್ಕೆ, ಮಿಕ್ಕಿದ ಸೊಪ್ಪು, ಕಡ್ಡಿ ಎಲ್ಲಾ ಗುಂಡಿಗೆ ಹಾಕಿ ಚೆನ್ನಾಗಿ ಕಳಿಸಿ ಆಮೇಲೇ ತೋಟಕ್ಕೆ ಹಾಕ್ತೀವಿ, ರೋಗ ಬಂದ ಹುಳ ಇದ್ರೆ ಸುಣ್ಣ ಬ್ಲೀಚಿಂಗ್ ಹಾಕಿ ದೂರ ಹೂಳ್ತೀವಿ. ಮುರಿದ ಬಿದಿರು ಚಂದ್ರಿಕೆ (ಹುಳ ಗೂಡು ಕಟ್ಟೋ ತಟ್ಟೆ) ಮೇಲೆ ಸಂಡಿಗೆ ಒಣಗಿಸ್ತೀನಿ, ತೀರಾ ಹಾಳಾಗಿರೋದನ್ನ ಬಚ್ಚಲ ಹಿಂದೆ ಅವರೆ ಬಳ್ಳಿ ಹಬ್ಬೋಕೆ ನಿಲ್ಸಿದೀನಿ. ಬಚ್ಚಲು ನೀರು ಬಾಳೆಗೆ ಬಿಟ್ಟಿದೀನಿ, ಎರಡು ಗೊನೆ ಬಂತು ಈ ವರ್ಷ.

ಶಾಂಪೂ ಪ್ಯಾಕೆಟ್ ಗೆ ನಾನು ಸೀಗೆಪುಡಿ ಉಪದೇಶ ಮಾಡಲ್ಲ, ಕೆಲ್ಸದ ಮಧ್ಯೆ ಯಾರಿಗೂ ಆಗಲ್ಲ. ದೊಡ್ಡ ಬಾಟ್ಲಿ ತನ್ನಿ ಅಷ್ಟೇ. ಖಾಲಿ ಆದ್ಮೇಲೆ ಗುಜರಿಗೆ ಬೆಲೆ ಇದೆ.

ಗೌರಿಬಿದನೂರು ಸ್ವಚ್ಛ ವಾಹಿನಿ:

ನಮಸ್ಕಾರ, ನಾನು ಸಂಜೀವಿನಿ ಒಕ್ಕೂಟದಿಂದ (ಹೆಣ್ಮಕ್ಕಳ ಸ್ವಸಹಾಯ ಸಂಘಗಳ ಒಕ್ಕೂಟ) ಪಂಚಾಯ್ತಿ ಕಸದ ಗಾಡಿ ಓಡಿಸ್ತೀನಿ. ತೋಟದ ಮನೆಗಳಿಗೆ ನಮ್ ಗಾಡಿ ಬರೋಕಾಗಲ್ಲ, ರಸ್ತೆ ಇರಲ್ಲ, ಅದಕ್ಕೆ ತುಂಬಾ ಜನ ಕಸ ಕೊಡೋದೇ ಬಿಟ್ಟಿದಾರೆ. ಒಂದು ಕೆಲಸ ಮಾಡಿ ಅಣ್ಣ. ಒಣ ಕಸ ಹಾಳಾಗಲ್ಲ, ವಾಸನೆ ಬರಲ್ಲ, ತೊಳೆದು ಒಣಗಿಸಿದ್ರೆ ಮಾತ್ರ. ಎರಡು ಫೀಡ್ ಚೀಲ ಕೊಟ್ಟಿಗೆ ಗೋಡೆಗೆ ನೇತಾಕಿ, ತಿಂಗಳಿಗೊಂದ್ಸಲ ಡೇರಿಗೆ ಹಾಲು ಹಾಕೋಕೆ ಬರುವಾಗ ಬೈಕಲ್ಲಿ ತಂದು ಗಾಡಿ ನಿಲ್ಲೋ ಕಡೆ ಕೊಡಿ. ಒಂದರಲ್ಲಿ ಬಾಟ್ಲಿ, ಡಬ್ಬ, ಕವರ್, ಇವು ಮಾರಾಟ ಆಗ್ತವೆ. ಇನ್ನೊಂದ್ರಲ್ಲಿ ಚಿಪ್ಸ್, ಬಿಸ್ಕತ್, ಶಾಂಪೂ ಪ್ಯಾಕೆಟ್, ಇವು ಪದರ ಪದರ ಸೇರಿಸಿ ಮಾಡಿರೋದು, ಮರುಬಳಕೆ ಆಗಲ್ಲ, ಸಿಮೆಂಟ್ ಫ್ಯಾಕ್ಟರಿಗಳಲ್ಲಿ ಉರಿಸೋಕೆ ತಗೊಳ್ತಾರೆ.

ಕವರ್ ಮೂಲೆ ಪೂರ್ತಿ ಕತ್ತರಿಸಬೇಡಿ, ಸ್ವಲ್ಪ ಅಂಟಿಕೊಂಡೇ ಇರ್ಲಿ. ಆ ಉಗುರಿನಷ್ಟು ಚೂರುಗಳನ್ನ ಆರಿಸೋಕೆ ನಮ್ ಕೈಲಾಗಲ್ಲ, ಅವೇ ಚರಂಡಿಗೆ, ಹೊಲಕ್ಕೆ ಹೋಗೋದು. ಬ್ಲೇಡ್, ಸೂಜಿ, ಒಡೆದ ಗಾಜು ಚೀಲಕ್ಕೆ ಹಾಕಲೇಬೇಡಿ, ಅಮ್ಮನ ಕಾಲಿಗೆ ಆಗಿದ್ದು ನಮಗೆ ವಾರಕ್ಕೊಂದ್ಸಲ ಕೈಗೆ ಆಗತ್ತೆ. ಒಂದು ತಗಡಿನ ಡಬ್ಬಿ ಮುಚ್ಚಳಕ್ಕೆ ಸೀಳು ಮಾಡಿ ಅದರೊಳಗೆ ಹಾಕಿ, ತುಂಬಿದ್ಮೇಲೆ ಡಬ್ಬಿ ಸಮೇತ ಕೈಗೆ ಕೊಟ್ಟು ಇದ್ರಲ್ಲಿ ಬ್ಲೇಡಿದೆ ಅಂತ ಹೇಳಿ.

ಸಂತೆ ಕ್ಯಾರಿ ಬ್ಯಾಗು 120 ಮೈಕ್ರಾನ್ ಗಿಂತ ತೆಳುವಾಗಿದ್ರೆ 2022ರ ಡಿಸೆಂಬರ್ 31ರಿಂದ ದೇಶದಲ್ಲೆಲ್ಲಾ ಬ್ಯಾನ್ ಆಗಿದೆ, ಆದ್ರೂ ದಿನಾ ನಮ್ ಗಾಡಿಗೆ ಬೀಳೋದ್ರಲ್ಲಿ ಹೆಚ್ಚು ಅದೇ. ಬಟ್ಟೆ ಚೀಲ ಬೈಕ್ ಬಾಕ್ಸಲ್ಲೇ ಇರ್ಲಿ, ಮನೇಲಿದ್ರೆ ಸಂತೇಲಿ ನೆನಪಾಗತ್ತೆ.

ಗುಬ್ಬಿ ತೋಟದ ಮನೆ:

ಎಲ್ರಿಗೂ ಕೈ ಮುಗೀತೀನಿ, ಇಷ್ಟು ಕೂತು ಬರೆದಿದ್ದಕ್ಕೆ. ಮೂರು ವಾರ ಆಯ್ತು, ಆಗಿರೋದು ಹೇಳ್ತೀನಿ.

ಹೊಸ ಗುಂಡಿ ಶುರು ಮಾಡಿದೀವಿ. ಮೊದ್ಲು ಅಮ್ಮ ಒಪ್ಪಲಿಲ್ಲ, ಎರಡೆರಡು ತಿಪ್ಪೆ ಯಾಕೆ ಅಂದ್ರು, ಕಾಲು ತೋರ್ಸಿದೆ, ಸುಮ್ನಾದ್ರು, ಈಗ ಅವ್ರೇ ನನ್ ಮೇಲೆ ಕಣ್ಣಿಟ್ಟಿದಾರೆ. ಮೊರದಿಂದ ನೇರ ಸುರಿಯೋದು ಬಿಟ್ಟು ಜಗುಲಿ ಮೇಲೆ ಸುರಿದು ಆರಿಸಿ ಆಮೇಲೆ ಹಾಕ್ತಾರೆ. ಚೀಲ ಎರಡೂ ನೇತಾಕಿದೀನಿ, ಬ್ಲೇಡ್ ಡಬ್ಬಿ ಬಚ್ಚಲ ಗೋಡೆಗೆ ಮೊಳೆ ಹೊಡೆದಿದೀನಿ. ಲಂಗೋಟಿ ಹದಿನಾರು ಆಯ್ತು, ಬೆಳಿಗ್ಗೆ ಒಗೆಯೋದು ನಾನೇ, ಮೊದ್ಲು ದಿನಕ್ಕೆ ನಾಲ್ಕು ಡೈಪರ್ ಆಗ್ತಿತ್ತು ಈಗ ರಾತ್ರಿದೊಂದೇ. ಅದೊಂದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ, ಕಾಗ್ದದಲ್ಲಿ ಸುತ್ತಿ ಬೇರೆ ಇಡ್ತಿದೀನಿ.

ಪೇಪರ್ ಹಾಕಲ್ಲ ಅಂತ ತೀರ್ಮಾನ ಮಾಡಿದೆ, ಗರಿ ತುಂಡು ಮಾಡಿ ರಾಶಿ ಹಾಕಿದೀನಿ. ತಾತ, ಒಂದು ಕೇಳ್ಬೇಕು. ಮಟ್ಟೆ ಹೂಳೋಕೆ ನಲವತ್ತು ಮರಕ್ಕೂ ಕಾಲುವೆ ತೋಡ್ಬೇಕು, ಮಣ್ಣು ಕಲ್ಲಿನಂಗೆ ಗಟ್ಟಿ ಐತೆ. ಜೆಸಿಬಿ ಕರ್ಸಿ ಒಂದೇ ದಿನದಲ್ಲಿ ಮುಗ್ಸಿಬಿಡ್ಲಾ?

ತಿಪಟೂರು ಕಲ್ಪತರು:

ಜೆಸಿಬಿ ಬೇಡ ಮಗ, ಅದ್ರ ಹಲ್ಲಿಗೆ ಬೇರೆಲ್ಲಾ ಕಿತ್ಕೊಂಡ್ ಬರ್ತವೆ, ಮರ ಎರಡು ವರ್ಷ ಹಿಂದಕ್ಕೆ ಹೋಗ್ತದೆ. ಒಂದು ಹದ ಮಳೆ ಬೀಳ್ಲಿ, ಮಾರನೇ ದಿನ ಗುದ್ಲಿ ಹಿಡಿ. ದಿನಕ್ಕೆ ಎರಡು ಮರ ಸಾಕು. ಸುತ್ತಾ ಆಗ್ದೇ ಇದ್ರೆ ಈ ವರ್ಷ ಅರ್ಧ ಸುತ್ತು ತೋಡು, ಇನ್ನರ್ಧ ಮುಂದಿನ ವರ್ಷ. ಮಟ್ಟೆ ಹಿಂದಿನ ರಾತ್ರಿನೇ ತೊಟ್ಟೀಲಿ ನೆನೆಹಾಕು, ಒಣಗಿದ್ದು ಹಾಕಿದ್ರೆ ಮೊದ್ಲು ಅದೇ ಮಣ್ಣಿನ ನೀರು ಕುಡೀತದೆ.